ಬೂದಿಯೋ, ಬೂಷ್ಟೋ?

ನಾನು ಸಿಗಾರ್ ಸೇದುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕಳೆದ ಮಳೆಗಾಲ ಪೂರ್ತಿ ಹೊನ್ನಾವರದ ನಮ್ಮ ಓಣಿಯಲ್ಲಿ ಈ ವಿಷಯದಲ್ಲಿ ಬೇರೆಯೇ ಅಭಿಪ್ರಾಯವಿತ್ತು. ನನ್ನ ದುಪಟ್ಟಾಕ್ಕೆ ತಂಬಾಕಿನ ವಾಸನೆ, ಕೈಚೀಲಕ್ಕೆ ತಂಬಾಕಿನ ವಾಸನೆ, ನಾನು ಕೆಲಸ ಮಾಡುವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಮುಟ್ಟಿದ ಕಪಾಟಿನ ಹಿಡಿಕೆಗೂ ಅದೇ ವಾಸನೆ. ಪಕ್ಕದ ಮನೆಯವರು ಆಯಿಯ ಹತ್ತಿರ, ಊರಿಂದ ಗಂಡಸರು ಯಾರಾದರೂ ಬಂದಿದ್ದಾರೋ ಎಂದು ನಯವಾಗಿ ವಿಚಾರಿಸಿದರಂತೆ. ಮನೆಯಲ್ಲಿ ಇರುವುದು ನಾವಿಬ್ಬರೇ. ಆಯಿ ಸುಳ್ಳು ಹೇಳುವವಳಲ್ಲ. ಇಲ್ಲ, ಅದು ನನ್ನ ಮಗಳದ್ದು ಎಂದು ಹೇಳಿ ಒಳಗೆ ಬಂದಳು. ಇಷ್ಟು ಚಿಕ್ಕ ಸತ್ಯದಿಂದ ಇಷ್ಟು ದೊಡ್ಡ ಕೆಲಸ ಮಾಡಿಸಿದವರನ್ನು ನಾನು ಬೇರೆ ಕಂಡಿಲ್ಲ.

ನಾನು ಮಾಡುತ್ತಿದ್ದದ್ದು ಇಷ್ಟೇ. ಬೆಳಿಗ್ಗೆ ಎದ್ದು ಒಂದು ಡಬ್ಬಿಯ ಮುಚ್ಚಳ ತೆಗೆದು, ಅದರೊಳಗಿನ ಮರದ ಪೆಟ್ಟಿಗೆಯನ್ನು ತೆರೆದು, ಸಾಲಾಗಿ ಮಲಗಿರುವ ಕ್ಯೂಬಾ ದೇಶದ ಸಿಗಾರುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಮೂಸಿ, ಮುಚ್ಚಿಟ್ಟು, ಕಂಡದ್ದನ್ನು ಡೈರಿಯಲ್ಲಿ ಬರೆಯುವುದು. ಡೈರಿ ಬರೆಯುವುದು ನನಗೆ ಪಿಯುಸಿಯಿಂದ ಅಂಟಿದ ಚಟ. ಅದರಲ್ಲಿ ಮನಸ್ಸಿನ ಮಾತು ಸಿಕ್ಕುವುದಿಲ್ಲ, ಲೆಕ್ಕ ಸಿಗುತ್ತದೆ. ಯಾವ ದಿನ ಮೊದಲ ಮಳೆ, ಕುಮಟಾ ಬಸ್ಸು ಎಷ್ಟು ತಡ, ಆಯಿ ಈ ವಾರ ಮದುವೆಯ ಮಾತು ಎಷ್ಟು ಸಲ ಎತ್ತಿದಳು, ಹೀಗೆ. ಕೆಲವರಿಗೆ ಬರೆದರೆ ಹಗುರಾಗುತ್ತದಂತೆ. ನನಗೆ ಎಣಿಸಿದರೆ ಹಗುರಾಗುತ್ತದೆ.

ಇಷ್ಟಕ್ಕೆಲ್ಲ ಕಾರಣ ಬೀರಣ್ಣ ಮಾವ. ಆಯಿಯ ಅಣ್ಣ. ಕುಮಟಾದಿಂದ ಆಚೆ, ಅಘನಾಶಿನಿ ಹೊಳೆಯ ಕಡೆ, ಕಾಗಾಲದಲ್ಲಿ ಅವನ ಮನೆ. ಭತ್ತ ಬೆಳೆಯುತ್ತಾನೆ, ಬೇಸಿಗೆಯಲ್ಲಿ ತರಕಾರಿ ಬೆಳೆಯುತ್ತಾನೆ, ಮತ್ತು ಯಾರು ಏನು ಕೊಟ್ಟರೂ ಅದರಲ್ಲಿ ಒಂದು ಕುಂದು ಹುಡುಕುತ್ತಾನೆ. ನನ್ನ ಮೊದಲ ಸಂಬಳದಲ್ಲಿ ಅವನಿಗೆ ಒಂದು ಬ್ಯಾಟರಿ ಕೊಟ್ಟೆ. ಬೆಳಕು ಹೆಚ್ಚಾಯಿತು, ಹುಳ ಬರುತ್ತವೆ ಎಂದ. ಮರುವರ್ಷ ಉಣ್ಣೆಯ ಸ್ವೆಟರ್ ಕೊಟ್ಟೆ. ಕಾಗಾಲದಲ್ಲಿ ಸ್ವೆಟರ್ ಹಾಕುವಷ್ಟು ಚಳಿ ಬಿದ್ದದ್ದು ಯಾರಿಗೂ ನೆನಪಿಲ್ಲ, ಆ ತಪ್ಪು ನನ್ನದೇ. ಅದರ ಮರುವರ್ಷ ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಕೊಡೆ ಕೊಟ್ಟೆ. ಅವನು ಗುಂಡಿ ಒತ್ತಿದ, ಅದು ಫಟ್ಟೆಂದು ಬಿಚ್ಚಿಕೊಂಡಿತು, ಅವನು ಅದನ್ನು ದೂರ ಹಿಡಿದು ನೋಡಿ ಹೇಳಿದ: “ಕೊಡೆ ಅಂದ್ರೆ ನಾ ಬಿಡಿಸ್ಬೇಕು. ಅದೇ ತನ್ನಷ್ಟಕ್ಕೆ ಬಿಡಿಸ್ಕಂಡ್ರೆ ನಾ ಎಂತಕ್ಕೆ ಬೇಕು?”

ಈ ವಸ್ತುಗಳೆಲ್ಲ ಕೆಲವು ತಿಂಗಳ ನಂತರ ಆಯಿಯ ಚೀಲದಲ್ಲಿ, ಚೆನ್ನಾಗಿ ಮಡಚಿಟ್ಟ ಸ್ಥಿತಿಯಲ್ಲಿ, ಹೊನ್ನಾವರಕ್ಕೆ ಮರಳುತ್ತಿದ್ದವು. ನೀವು ಅವನನ್ನು ಗಂಟುಮುಖದ ಮನುಷ್ಯ ಎಂದುಕೊಳ್ಳಬಾರದು. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಉಪ್ಪುನೀರಿನ ಗದ್ದೆಗಳ ಕಟ್ಟೆಯ ಮೇಲೆ ನಡೆದದ್ದು ಅವನೇ. ಮೃಗಶಿರ, ಆರಿದ್ರಾ, ಪುನರ್ವಸು ಎಂದು ಮಳೆಯ ಹೆಸರುಗಳನ್ನು ಬಾಯಿಪಾಠ ಮಾಡಿಸಿದ್ದೂ ಅವನೇ. ನನ್ನ ಡೈರಿಯ ಮೂಲ ಅಲ್ಲೇ ಇರಬೇಕು. ಆದ್ದರಿಂದ ನನಗೆ ಒಂದೇ ಒಂದು ಆಸೆಯಿತ್ತು. ನಾನು ಕೊಟ್ಟ ಒಂದು ವಸ್ತು ಆ ಮನೆಯಲ್ಲಿ ಉಳಿಯಬೇಕು. ಹಿಂದಿರುಗಬಾರದು.

ಮಾವನಿಗೆ ಪ್ರೀತಿಯಾದದ್ದು ಯಾವುದೆಂದು ಯೋಚಿಸಿದೆ. ಕವಳ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಊಟ ತಪ್ಪಿದರೂ ಅವನಿಗೆ ಕವಳ ತಪ್ಪಬಾರದು. ಅತ್ತೆ ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿದ ಮೇಲೆ ಸಂಖ್ಯೆ ಕಡಿಮೆಯಾಗಿದೆ, ಶ್ರದ್ಧೆ ಹೆಚ್ಚಾಗಿದೆ. ಘಟ್ಟದ ಮೇಲಿನಿಂದ ಬರುವ ಹೊಗೆಸೊಪ್ಪಿನ ಒಂದು ತುಂಡನ್ನು ಮೂಸಿದರೆ ಅದು ಹೋದ ವರ್ಷದ್ದೋ ಈ ವರ್ಷದ್ದೋ, ಅಂಗಡಿಯವನು ತೂಕ ಬರಲೆಂದು ಬೆಲ್ಲದ ನೀರು ಚಿಮುಕಿಸಿದ್ದಾನೋ ಇಲ್ಲವೋ ಎಂದು ಹೇಳುತ್ತಾನೆ. ಸರಿಯೋ ತಪ್ಪೋ ಯಾರಿಗೂ ಗೊತ್ತಿಲ್ಲ, ಆದರೆ ಹೇಳುವ ಧಾಟಿ ಎದುರು ಮಾತಾಡಲು ಬಿಡುವುದಿಲ್ಲ. ಹಾಗಾಗಿ ನಾನು ಹೀಗೆ ತರ್ಕಿಸಿದೆ: ಜಗತ್ತಿನ ಅತ್ಯುತ್ತಮ ತಂಬಾಕು ಕ್ಯೂಬಾದ್ದು, ಜಗತ್ತಿನ ಅತ್ಯಂತ ಕಠಿಣ ತಂಬಾಕು ಪರೀಕ್ಷಕ ಕಾಗಾಲದವನು, ಇಬ್ಬರನ್ನೂ ಒಂದೆಡೆ ಕೂಡಿಸಿದರೆ ಕುಂದಿಗೆ ಜಾಗವೇ ಇರುವುದಿಲ್ಲ. ಹರೆಯದಲ್ಲಿ ಮಾವ ಚುಟ್ಟಾ ಸೇದುತ್ತಿದ್ದ ಎಂದು ಆಯಿ ಹೇಳಿದ್ದು ನನಗೆ ಸಾಕಾಯಿತು.

ಭಟ್ಕಳದ ಹಳೇ ಪೇಟೆಯಲ್ಲಿ ಪರದೇಶದ ಸಾಮಾನು ಮಾರುವ ಅಂಗಡಿಗಳಿವೆಯಲ್ಲ, ಅತ್ತರು, ಕಂಬಳಿ, ಖರ್ಜೂರ, ಚಾಕೊಲೇಟು. ಅಲ್ಲಿ ಜುಬೇರ್ ಭಾಯಿ ಎಂಬವರ ಅಂಗಡಿಯಲ್ಲಿ, ಸೋಪುಗಳ ಹಿಂದೆ, ಹತ್ತು ಸಿಗಾರುಗಳ ಒಂದು ಪೆಟ್ಟಿಗೆ ಇತ್ತು. ದುಬೈಯಲ್ಲಿರುವ ಅವರ ತಮ್ಮ ರಜೆಗೆ ಬರುವಾಗ ತಂದದ್ದು. ಹುಡುಗಿಯೊಬ್ಬಳು ಬಂದು ಸಿಗಾರ್ ಕೇಳಿದಾಗ ಅವರ ಮುಖದಲ್ಲಿ ಆದ ಬದಲಾವಣೆಯನ್ನು ನಾನು ನೋಡದವಳಂತೆ ಮಾಡಿದೆ. ಅಸಲಿ ಸಿಗಾರನ್ನು ಗುರುತಿಸುವುದು ಹೇಗೆಂದು ನಾನು ಓದಿಕೊಂಡು ಹೋಗಿದ್ದೆ. ಪೆಟ್ಟಿಗೆಯ ಅಂಚಿಗೆ ಅಂಟಿಸಿದ ಮುದ್ರೆ, ಸಿಗಾರಿನ ಸೊಂಟಕ್ಕೆ ಕಟ್ಟಿದ ಕಾಗದದ ಪಟ್ಟಿಯ ಮೇಲಿನ ಉಬ್ಬು ಚುಕ್ಕೆ, ಎಲ್ಲ ನೋಡಿದೆ. ಪೆಟ್ಟಿಗೆಯನ್ನು ಬೋರಲು ಮಾಡಿದರೆ ತಳದಲ್ಲಿ ಅದು ತಯಾರಾದ ತಿಂಗಳು, ವರ್ಷವನ್ನು ಮಸಿಯಲ್ಲಿ ಒತ್ತಿದ್ದರು. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು. ಮೈಮೇಲೆ ತಾರೀಖು ಬರೆದುಕೊಂಡಿರುವ ವಸ್ತುವನ್ನು ನಂಬದಿರಲು ನನ್ನಿಂದ ಆಗುವುದಿಲ್ಲ.

ಮನೆಗೆ ತಂದು ಕಿಟಕಿಯ ಬೆಳಕಿನಲ್ಲಿ ತೆರೆದು ನೋಡಿದಾಗ ಕಂಡಿತು. ಸಿಗಾರುಗಳ ಕಂದು ಮೈಮೇಲೆ ತೆಳ್ಳನೆ ಬಿಳಿ. ಪೌಡರ್ ಹಚ್ಚಿ ಮುಖ ಸರಿಯಾಗಿ ಒರೆಸಿಕೊಳ್ಳದ ಹಾಗೆ.

ಈ ಬಿಳಿಯ ಬಗ್ಗೆ ಜಗತ್ತಿನಲ್ಲಿ ಎರಡು ಪಂಗಡಗಳಿವೆ ಎಂದು ಅಂದು ರಾತ್ರಿಯೇ ತಿಳಿದುಕೊಂಡೆ. ಒಂದು ಪಂಗಡದ ಪ್ರಕಾರ, ಒಳ್ಳೆಯ ಎಲೆ ಮಾಗುತ್ತ ಬಂದಾಗ ಅದರೊಳಗಿನ ಎಣ್ಣೆ ಹೊರಗೆ ಬಂದು ಹರಳುಗಟ್ಟುತ್ತದೆ, ಅದು ಯೋಗ್ಯತೆಯ ಗುರುತು, ಅದನ್ನು ಕಂಡವನು ಭಾಗ್ಯವಂತ. ಇನ್ನೊಂದು ಪಂಗಡ ಹೇಳುವುದು, ಹರಳೂ ಇಲ್ಲ, ಯೋಗ್ಯತೆಯೂ ಇಲ್ಲ, ಅದು ಬರೀ ಬೂಷ್ಟು, ಬ್ರಷ್ಷಿನಲ್ಲಿ ಒರೆಸಿ ಸುಮ್ಮನಿರಿ. ಎರಡೂ ಕಡೆಯವರು ಇಂಟರ್ನೆಟ್ಟಿನಲ್ಲಿ ವರ್ಷಗಟ್ಟಲೆ ಜಗಳವಾಡಿದ್ದಾರೆ. ಎರಡೂ ಕಡೆಯವರು ಫೋಟೋ ಹಾಕಿದ್ದಾರೆ. ಎರಡು ಫೋಟೋಗಳೂ ಒಂದೇ ಥರ ಕಾಣುತ್ತವೆ.

ಮೊದಲನೆಯದಕ್ಕೆ ನಾನು ಬೂದಿ ಎಂದು ಹೆಸರಿಟ್ಟೆ. ಸಿಗಾರಿಗೆ ಬೂದಿ ಬರುವುದು ಬೆಂಕಿ ಹಚ್ಚಿದ ಮೇಲೆ, ನಿಜ. ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಬೂದುಗುಂಬಳ. ಕಾಗಾಲದ ಮನೆಯ ಜಂತಿಯಲ್ಲಿ ಬಾಳೆಯ ನಾರಿನಲ್ಲಿ ಕಟ್ಟಿ ತೂಗುಹಾಕಿದ ಕುಂಬಳಕಾಯಿ, ಮೊಗೆಕಾಯಿಗಳ ಸಾಲನ್ನು ನೋಡಿಯೇ ಬೆಳೆದವಳು ನಾನು. ಕುಂಬಳದ ಮೈಗೆ ಬೂದಿ ತುಂಬಿ ಬಂದರೆ ಬೆಳೆದಿದೆ ಎಂದರ್ಥ, ಮಳೆಗಾಲವಿಡೀ ಕೆಡುವುದಿಲ್ಲ ಎಂದರ್ಥ. ಅತ್ತೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಬೆರಳಿಟ್ಟರೆ ಬೆರಳಿನ ಗುರುತು ಹಾಗೆಯೇ ಉಳಿಯುತ್ತದೆ, ಯಾರು ಮುಟ್ಟಿದ್ದೆಂದು ಗೊತ್ತಾಗುತ್ತದೆ. ನಮ್ಮ ಕರಾವಳಿಯವರು ಬಿಳಿಯ ವಿಷಯದಲ್ಲಿ ಪಳಗಿದವರು. ಕುಂಬಳದ ಬಿಳಿ ಒಳ್ಳೆಯದು. ಒಣಮೀನಿನ ಮೇಲಿನ ಉಪ್ಪಿನ ಬಿಳಿ ಒಳ್ಳೆಯದು. ಚಪ್ಪಲಿಯ ಮೇಲಿನ ಬಿಳಿ ಕೆಟ್ಟದ್ದು. ಮದುವೆಯ ಫೋಟೋದ ಗಾಜಿನ ಒಳಗೆ ಬರುವ ಬಿಳಿ ಎಲ್ಲಕ್ಕಿಂತ ಕೆಟ್ಟದ್ದು, ವರನ ಮೂಗಿನಿಂದ ಸುರುವಾಗಿ ವಧುವಿನ ಕಡೆಗೆ ಹೋಗುತ್ತದೆ. ಆದರೆ ಇಷ್ಟೆಲ್ಲ ಬಿಳಿಗಳಲ್ಲಿ ಸಿಗಾರಿನ ಬಿಳಿಗೆ ಜಾಗ ಎಲ್ಲಿ?

ಮರುದಿನವೇ ಭಟ್ಕಳದ ಬಸ್ಸು ಹತ್ತಿದೆ. ಜುಬೇರ್ ಭಾಯಿ ಸಿಗಾರನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಇದು ಖರಾಬಲ್ಲ ಮೇಡಂ, ಹಳೇ ಮಾಲಿಗೆ ಬರುವ ರಂಗು, ದುಬೈಯಲ್ಲಿ ಇದಕ್ಕೆ ಮರ್ಯಾದೆ ಜಾಸ್ತಿ ಎಂದರು. ಖಚಿತವಾಗಿ ಗೊತ್ತೋ ಎಂದು ಕೇಳಿದೆ. ಅವರು ನಕ್ಕು, “ನಾನು ಬೀಡಿ ಸಹ ಸೇದಿದವನಲ್ಲ. ತಮ್ಮ ಹೇಳಿದ, ನಾನು ನಿಮಗೆ ಹೇಳಿದೆ. ನಿಮಗೆ ಮನಸ್ಸಿಲ್ಲದಿದ್ರೆ ವಾಪಸ್ ಕೊಡಿ, ಬೇಜಾರಿಲ್ಲ” ಎಂದರು. ಅಷ್ಟು ಪ್ರಾಮಾಣಿಕ ಮನುಷ್ಯನಿಗೆ ಸಾಮಾನು ವಾಪಸು ಕೊಡುವುದು ಹೇಗೆ? ಒಂದು ಡಬ್ಬಿ ಖರ್ಜೂರವನ್ನೂ ಕೊಂಡುಕೊಂಡು ಬಂದೆ.

ಆಯಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. “ಬೂಸ್ಟು ಹಿಡ್ದದೆ. ಬಿಸಿಲಿಗೆ ಹಾಕು,” ಅಂದಳು. ಈ ಕರಾವಳಿಯಲ್ಲಿ ಎಲ್ಲ ರೋಗಕ್ಕೂ ಇದೊಂದೇ ಮದ್ದು. ಹಾಸಿಗೆ, ಹಪ್ಪಳ, ಅಕ್ಕಿ, ಪುಸ್ತಕ, ಬಾಣಂತಿ, ಯಾವುದನ್ನೂ ಬಿಸಿಲಿಗೆ ಹಾಕದೆ ನಾವು ಮಳೆಗಾಲದೊಳಗೆ ಕಳಿಸುವುದಿಲ್ಲ. ಸಿಗಾರಿಗೆ ಬಿಸಿಲು ತಾಗಬಾರದು, ಎಲೆ ಒಡೆಯುತ್ತದೆ, ಅದನ್ನು ಕತ್ತಲಲ್ಲಿ ತಂಪಾಗಿ ಮಲಗಿಸಬೇಕು ಎಂದು ನಾನು ವಿವರಿಸಿದೆ. ಆಯಿ ಹೂಂ ಎಂದಳು. ನಾನು ಉತ್ತರಪತ್ರಿಕೆ ತಿದ್ದಲು ಕಾಲೇಜಿಗೆ ಹೋದೆ. ಸಂಜೆ ಬಂದು ನೋಡಿದರೆ ಅಂಗಳದಲ್ಲಿ ಚಾಪೆಯ ಮೇಲೆ, ಒಂದು ಬದಿಗೆ ಹಲಸಿನ ಹಪ್ಪಳ, ಇನ್ನೊಂದು ಬದಿಗೆ ಒಣ ಸಿಗಡಿ, ನಡುವೆ ಸಾಲಾಗಿ ಹತ್ತು ಕ್ಯೂಬಾ ಸಿಗಾರು. ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಆಯಿ. ತಿರುವಿ ತಿರುವಿ ಹಾಕಿದ್ದಳಂತೆ, ಎಲ್ಲ ಕಡೆಯೂ ಸಮನಾಗಿ ಒಣಗಲೆಂದು.

ಒಂದು ಸಿಗಾರು ಉದ್ದಕ್ಕೆ ಸೀಳಿತ್ತು. ಉಳಿದ ಒಂಬತ್ತು ಮುಟ್ಟಿದರೆ ತರಗೆಲೆಯಂತೆ ಸದ್ದು ಮಾಡುತ್ತಿದ್ದವು, ಸಿಗಡಿಯ ಪರಿಮಳ ಸೂಸುತ್ತಿದ್ದವು. ಬಿಳಿ ಮಾತ್ರ ಪೂರ್ತಿ ಹೋಗಿತ್ತು. ಆಯಿ ಅದನ್ನು ತೋರಿಸಿ, ನೋಡು, ಹೋತಲ್ಲ, ಎಂದಳು. ನಾನು ಆ ದಿನದ ಡೈರಿಯಲ್ಲಿ ಮಳೆ ಇಲ್ಲ ಎಂದಷ್ಟೇ ಬರೆದೆ.

ಅಲ್ಲಿಂದ ಸುರುವಾಯಿತು ನನ್ನ ಶುಶ್ರೂಷೆ. ಹೊಸ ಅಕ್ಕಿಯ ಊಟದ ದಿನ, ಹೊಸ್ತು ಎನ್ನುತ್ತೇವಲ್ಲ, ಆ ದಿನ ನಾವು ಕಾಗಾಲಕ್ಕೆ ಹೋಗುವುದು ವಾಡಿಕೆ. ಅಷ್ಟರೊಳಗೆ ಒಂಬತ್ತು ಸಿಗಾರುಗಳು ಚೇತರಿಸಿಕೊಂಡು, ಮಾಗಿ, ಮಾವನ ಮೂಗಿನ ಮುಂದೆ ನಿಲ್ಲುವಂತಾಗಬೇಕು. ಸಿಗಾರನ್ನು ಮಾಗಿಸುವುದೆಂದರೆ ಹುಣಸೆಹುಳಿಯನ್ನೋ ಉಪ್ಪಿನಕಾಯಿಯನ್ನೋ ಹಳತು ಮಾಡಿದ ಹಾಗೆ. ಎಲೆಯ ಘಾಟು ನಿಧಾನ ಹೊರಟುಹೋಗಿ ಒಳಗಿನ ಸಿಹಿ ಮೇಲೆ ಬರಲು ಬಿಡುವುದು. ಅದಕ್ಕೆ ಹದವಾದ ತೇವ ಬೇಕು. ಪುಸ್ತಕಗಳಲ್ಲೆಲ್ಲ ಒದ್ದೆ ಸ್ಪಂಜು ಇಡಿ, ನೀರು ಕೊಡಿ ಎಂದು ಬರೆದಿರುತ್ತಾರೆ. ಅವರು ಪಾಪ ಒಣ ದೇಶದವರು. ಹೊನ್ನಾವರದ ಆಷಾಢದಲ್ಲಿ ಬೆಂಕಿಪೆಟ್ಟಿಗೆಯ ಕಡ್ಡಿ ಗೀರಿದರೆ ಅದರ ತಲೆಯೇ ಉದುರುತ್ತದೆ. ಇಲ್ಲಿ ಸಿಗಾರಿಗೆ ನೀರು ಕೊಡುವ ಪ್ರಶ್ನೆಯಲ್ಲ, ನೀರಿನಿಂದ ಕಾಪಾಡುವ ಪ್ರಶ್ನೆ.

ಸ್ಟೀಲ್ ಡಬ್ಬಿಯೊಳಗೆ ಪೆಟ್ಟಿಗೆಯಿಟ್ಟು, ತೇವ ಅಳೆಯುವ ಪುಟ್ಟ ಮೀಟರನ್ನು ಜೊತೆಗಿಟ್ಟೆ. ಮೀಟರು ನಿಜ ಹೇಳುತ್ತದೋ ಎಂದು ತಿಳಿಯಲು ಒಂದು ಸುಲಭದ ಉಪಾಯವಿದೆ. ಉಪ್ಪಿಗೆ ಸ್ವಲ್ಪ ನೀರು ಹಾಕಿ ಮೀಟರಿನ ಜೊತೆ ಮುಚ್ಚಿಟ್ಟರೆ ಅದು ಎಪ್ಪತ್ತೈದು ತೋರಿಸಬೇಕು. ನಾನು ಅಡುಗೆಮನೆಯ ಸಾಣಿಕಟ್ಟಾ ಉಪ್ಪು ಹಾಕಿದೆ. ಮೀಟರು ಕಡಿಮೆ ತೋರಿಸಿತು. ಮೀಟರನ್ನು ಬೈದು, ಬದಲಿಸಲು ಹೊರಟು, ಆಮೇಲೆ ಹೊಳೆಯಿತು. ನಮ್ಮ ಕಡೆಯ ಹರಳುಪ್ಪು ಬರೀ ಉಪ್ಪಲ್ಲ, ಸಮುದ್ರದ ಬೇರೆ ಲವಣಗಳನ್ನೂ ಹೊತ್ತು ತಂದಿರುತ್ತದೆ. ಮಳೆಗಾಲದಲ್ಲಿ ಅದು ತಾನಾಗಿ ನೀರಾಗುವುದು ಅದಕ್ಕೇ. ಇದನ್ನೇ ನಾನು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಪ್ರಯೋಗಾಲಯದ ಶುದ್ಧ ಉಪ್ಪು ತಂದು ಹಾಕಿದ ಮೇಲೆ ಮೀಟರು ತನ್ನ ಮಾನ ಉಳಿಸಿಕೊಂಡಿತು, ನಾನು ಕಳೆದುಕೊಂಡೆ.

ಆರಿದ್ರಾ ಮಳೆ ಹಿಡಿದು ಹೊಯ್ಯತೊಡಗಿದಾಗ ಸಿಗಾರುಗಳು ಮೆತ್ತಗಾದವು. ಅವುಗಳ ವಾಸನೆ ಆಗ ಕೊಟ್ಟಿಗೆಯದ್ದಾಗಿತ್ತು, ಅದೂ ಸಿಗಡಿ ತಿನ್ನುವ ಯಾವುದೋ ದನದ ಕೊಟ್ಟಿಗೆ. ಪುಷ್ಯದ ಹೊತ್ತಿಗೆ ಒದ್ದೆ ಮರದ ವಾಸನೆ ಬಂತು. ಆಶ್ಲೇಷ ಮಳೆಯಲ್ಲಿ ಸಿಗಡಿ ಯಾವ ಮಾಯದಲ್ಲೋ ಹೊರಟುಹೋಯಿತು. ಮಘಾದಲ್ಲಿ ಒಂದು ಬೆಳಿಗ್ಗೆ ಮುಚ್ಚಳ ತೆಗೆದಾಗ, ಕಾಫಿಪುಡಿಯ ಖಾಲಿ ಡಬ್ಬಿಯೊಳಗೆ ಯಾರೋ ಬೆಲ್ಲದ ಅಚ್ಚು ಇಟ್ಟು ಮರೆತಂಥ ಪರಿಮಳ. ನಾನು ಕಾಲೇಜಿಗೆ ಹೋಗುವುದನ್ನು ಮರೆತು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಸೇದದವಳಿಗೆ ಸಿಗಾರು ಏನು ಕೊಡುತ್ತದೆ ಎಂದು ಯಾರಾದರೂ ಕೇಳಿದರೆ ಆ ಬೆಳಗನ್ನು ತೋರಿಸುತ್ತೇನೆ. ಹೊರಗೆ ಮಳೆ, ಒಳಗೆ ಹಳತಾಗುವುದನ್ನೇ ಕೆಲಸ ಮಾಡಿಕೊಂಡ ಒಂಬತ್ತು ಜೀವಗಳು.

ಕ್ಯೂಬಾದಲ್ಲಿ ಸಿಗಾರು ಸುತ್ತುವವರ ಮುಂದೆ ಒಬ್ಬರು ಎತ್ತರದಲ್ಲಿ ಕುಳಿತು ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುವ ಪದ್ಧತಿಯಿದೆಯಂತೆ. ಕೈಗೆ ಎಲೆ, ಕಿವಿಗೆ ಕತೆ. ಇದನ್ನು ಓದಿದಾಗ ನನಗೆ ಕಾಗಾಲದ ನಾಟಿಯ ಗದ್ದೆ ನೆನಪಾಯಿತು. ಒಬ್ಬಳು ಹಾಡು ಹೇಳುತ್ತಾಳೆ, ಉಳಿದವರು ಬಗ್ಗಿದಲ್ಲೇ ಮರುಹೇಳುತ್ತಾರೆ, ಸಸಿ ಸಾಲಾಗುತ್ತ ಹೋಗುತ್ತದೆ. ಹೊಗೆಸೊಪ್ಪೂ ನಮಗೆ ಅಪರಿಚಿತವಲ್ಲ. ಅದೂ ಮೆಣಸಿನಕಾಯಿಯೂ ಗೇರುಬೀಜವೂ ಒಂದೇ ಕಡಲು ದಾಟಿ ಪೋರ್ಚುಗೀಸರ ಹಡಗಿನಲ್ಲಿ ಈ ತೀರಕ್ಕೆ ಬಂದವು. ಮಾವನ ಕವಳದ ಸೊಪ್ಪೂ ನನ್ನ ಪೆಟ್ಟಿಗೆಯ ಸಿಗಾರೂ ದಾಯಾದಿಗಳೇ. ಒಂದು ಮೊದಲು ಬಂತು, ಇನ್ನೊಂದು ಜುಬೇರ್ ಭಾಯಿಯ ತಮ್ಮನ ಬ್ಯಾಗಿನಲ್ಲಿ ಬಂತು.

ಆದರೆ ಮಘಾ ಮಳೆಯಲ್ಲೇ ಬಿಳಿಯೂ ಮರಳಿತು.

ಬೂಷ್ಟಾದರೆ ಮಾವನ ಒಂದೇ ನೋಟಕ್ಕೆ ನನ್ನ ಕತೆ ಮುಗಿಯಿತು. ಬೂದಿಯಾದರೆ ನಾನು ಗೆದ್ದೆ. ಲಕ್ಷಣಗಳನ್ನೆಲ್ಲ ನೋಡಿದೆ. ಒಣ ಬ್ರಷ್ಷಿನಲ್ಲಿ ಸವರಿದರೆ ಹೋಯಿತು, ಕಲೆ ಉಳಿಯಲಿಲ್ಲ: ಬೂದಿ. ಎಲ್ಲ ಕಡೆ ಸಮನಾಗಿರಲಿಲ್ಲ, ಒಂದೆಡೆ ಹೆಚ್ಚು ಒಂದೆಡೆ ಕಡಿಮೆ: ಬೂಷ್ಟು. ಮುಗ್ಗಲು ವಾಸನೆ ಇಲ್ಲ: ಬೂದಿ. ಸವರಿದ ಮೇಲೆ ಮತ್ತೆ ಬಂತು: ಬೂಷ್ಟು. ಕತ್ತರಿಸಿದ ತುದಿಯಲ್ಲಿ ಒಳಗೆ ಬಿಳಿಯಿದ್ದರೆ ಆಸೆ ಬಿಡಬೇಕಂತೆ, ಅಲ್ಲಿ ಏನೂ ಇರಲಿಲ್ಲ: ಬೂದಿ. ಡೈರಿಯಲ್ಲಿ ಎರಡೂ ಕಡೆ ಗೀಟು ಎಳೆಯುತ್ತ ಹೋದೆ. ತಿಂಗಳ ಕೊನೆಗೆ ಕೂಡಿಸಿದರೆ ಸಮ ಸಮ. ನನ್ನ ಲೆಕ್ಕಗಳ ಇತಿಹಾಸದಲ್ಲಿ ಇಷ್ಟು ನಿಷ್ಪ್ರಯೋಜಕವಾದ ಲೆಕ್ಕ ಇನ್ನೊಂದಿಲ್ಲ.

ಕೊನೆಗೆ ವಿಜ್ಞಾನದ ಮೊರೆಹೋದೆ. ಸ್ವಲ್ಪ ಹುಡಿಯನ್ನು ಗಾಜಿನ ತುಂಡಿನ ಮೇಲೆ ಉದುರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಯ್ಯೋ, ನೂಲಿನಂಥ ಎಳೆ. ಬೂಷ್ಟಿನ ಎಳೆಯೇ ಸರಿ. ಕೂಡಲೇ ಫೋಟೋ ತೆಗೆದು ನಮ್ಮ ಸಸ್ಯಶಾಸ್ತ್ರದ ಮೇಡಂಗೆ ಕಳಿಸಿದೆ. ಅವರು ನೋಡಿ, ನೀಲಿ ಬಣ್ಣದ ಬೂಷ್ಟು ತಾವು ನೋಡಿಲ್ಲವೆಂದೂ, ಇವತ್ತು ನಾನು ಹೊದ್ದದ್ದು ನೀಲಿ ದುಪಟ್ಟಾವಲ್ಲವೇ ಎಂದೂ ಕೇಳಿದರು. ಅದು ನನ್ನ ದುಪಟ್ಟಾದ ಎಳೆಯಾಗಿತ್ತು. ಆಮೇಲೆ ನಾನು ಸೂಕ್ಷ್ಮದರ್ಶಕವನ್ನು ಅದರ ಪಾಡಿಗೆ ಬಿಟ್ಟೆ.

ಹೊಸ್ತಿನ ದಿನ ಬಂತು. ಕಾಗಾಲದಲ್ಲಿ ಹೊಸ ಅಕ್ಕಿಯ ಊಟವಾಯಿತು. ಹೊಸ ಅಕ್ಕಿ ಅಂಟಾಗುತ್ತದೆ, ಹಳೇ ಅಕ್ಕಿಯ ಹದ ಇದಕ್ಕಿಲ್ಲ ಎಂದು ಮಾವ ತನ್ನದೇ ಗದ್ದೆಯ ಅಕ್ಕಿಯಲ್ಲಿ ಕುಂದು ಹುಡುಕುತ್ತ ಮೂರು ಸಲ ಬಡಿಸಿಕೊಂಡ. ಊಟದ ಮೇಲೆ ಜಗಲಿಯಲ್ಲಿ ಕವಳದ ಹರಿವಾಣ ಬಂತು. ಮಾವನ ಸುತ್ತ ಕೇರಿಯ ಮೂರು ನಾಲ್ಕು ಜನ ಹಿರಿಯರು. ನಾನು ಹೋಗಿ ಪೆಟ್ಟಿಗೆಯನ್ನು ಅವನ ಮುಂದಿಟ್ಟೆ. ಬೆಳಿಗ್ಗೆ ಬ್ರಷ್ಷಿನಲ್ಲಿ ಸವರಿರಲಿಲ್ಲ. ಸವರಲು ಕೈಗೆತ್ತಿಕೊಂಡು, ಒಂದು ವೇಳೆ ಬೂದಿಯೇ ಆಗಿದ್ದರೆ ಅದನ್ನು ಒರೆಸಿ ಕೊಡುವುದು ಕುಂಬಳದ ಬೂದಿ ಒರೆಸಿದಂತೆ ಎಂದು ಹಾಗೆಯೇ ಬಿಟ್ಟಿದ್ದೆ.

ಮಾವ ಮುಚ್ಚಳ ತೆಗೆದ. “ಎಂತಾ ತಂಗಿ ಇದು?” ಎಂದು ನನ್ನನ್ನು ಕೇಳಿದ. ನಮ್ಮ ಕಡೆ ಹಿರಿಯರಿಗೆ ಮನೆಯ ಹುಡುಗಿಯರೆಲ್ಲ ತಂಗಿಯರೇ.

ಕ್ಯೂಬಾದ ಹೊಗೆಸೊಪ್ಪು, ಜಗತ್ತಿನಲ್ಲೇ ಒಳ್ಳೆಯದು ಅಂದೆ. ಅಷ್ಟು ದೊಡ್ಡ ಮಾತನ್ನು ಜಗಲಿಯಲ್ಲಿ ಹೇಳಬಾರದಿತ್ತು, ಹಿರಿಯರೆಲ್ಲ ಕುತ್ತಿಗೆ ಮುಂದೆ ಚಾಚಿದರು. ಮಾವ ಒಂದನ್ನು ಎತ್ತಿ ತಿರುಗಿಸಿ ನೋಡಿದ. ಬಿಳಿಯ ಮೇಲೆ ಅವನ ಹೆಬ್ಬೆರಳು ನಿಂತಿತು. ನಾನು ಆಯಿಯ ಕಡೆ ನೋಡಿದೆ, ಆಯಿ ಮೇಲೆ ಮಾಡಿನ ಹೆಂಚಿನ ಕಡೆ ನೋಡಿದಳು. ಅವನು ಮೂಸಿದ. ಇನ್ನೊಮ್ಮೆ ಮೂಸಿದ. ಬೆಂಕಿಪೆಟ್ಟಿಗೆ ತರಲು ನಾನು ಅರ್ಧ ಎದ್ದೆ.

ಅಷ್ಟರಲ್ಲಿ ಅವನು ಹೆಬ್ಬೆರಳಿನ ಉಗುರನ್ನು ಸಿಗಾರಿನ ತಲೆಗೆ ಚುಚ್ಚಿ, ಈರುಳ್ಳಿಯ ಮೇಲಿನ ಸಿಪ್ಪೆ ಸುಲಿದಂತೆ ಸರ್ರನೆ ಸುಲಿದ. ಕಾಗದದ ಪಟ್ಟಿ ಕಳಚಿಬಿತ್ತು. ಹೊರಗಿನ ಎಲೆ, ನಾನು ನಾಲ್ಕು ತಿಂಗಳು ಭೂತಗನ್ನಡಿ ಹಿಡಿದು ನೋಡಿದ ಎಲೆ, ಬೂದಿಯೋ ಬೂಷ್ಟೋ ಎಂಬ ಪ್ರಶ್ನೆಯನ್ನು ಪೂರ್ತಿಯಾಗಿ ತನ್ನ ಮೈಮೇಲೆ ಹೊತ್ತಿದ್ದ ಎಲೆ, ಸುರುಳಿಯಾಗಿ ಅಂಗಳಕ್ಕೆ ಹಾರಿತು. ಒಂದು ಕೋಳಿ ಬಂದು ಕುಕ್ಕಿ ನೋಡಿ, ತಲೆ ಕೊಡವಿ ಹೊರಟುಹೋಯಿತು. ಈ ಪ್ರಶ್ನೆಯ ಬಗ್ಗೆ ಜಗತ್ತಿನಲ್ಲಿ ಕೊಡಲಾದ ಕೊನೆಯ ಅಭಿಪ್ರಾಯ ಅದು.

ಮಾವ ಒಳಗಿನ ಎಲೆಗಳನ್ನು ಬಿಡಿಸಿ, ನಾರು ತೆಗೆದು, ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿದ. ಅರ್ಧ ಹಿರಿಯರಿಗೆ ಹಂಚಿದ, ಅರ್ಧ ತನ್ನ ವೀಳ್ಯದೆಲೆಯೊಳಗೆ ಮಡಚಿ ಬಾಯಿಗಿಟ್ಟ. ಇದನ್ನು ಸೇದಬೇಕು ಎನ್ನಲು ನಾನು ಬಾಯಿ ತೆರೆದೆ. ಆಯಿ ಕೈ ಜಗ್ಗಿ ಕಿವಿಯಲ್ಲಿ ಹೇಳಿದಳು. ಸೇದುವುದು ಅವನು ಹರೆಯದಲ್ಲೇ ಬಿಟ್ಟಿದ್ದನಂತೆ, ಹೊಗೆ ಅಂದರೆ ಈಗ ಆಗುವುದಿಲ್ಲವಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕಣ್ಣಲ್ಲೇ ಕೇಳಿದೆ. ನೀನು ಕೇಳಲಿಲ್ಲವಲ್ಲ ಎಂದು ಅವಳೂ ಕಣ್ಣಲ್ಲೇ ಹೇಳಿದಳು.

ಕವಳ ಹಾಕಿದವರು ಮಾತಾಡುವುದಿಲ್ಲ. ಕಾಲು ಚಾಚಿದ ಹಿರಿಯರ ಸಾಲು, ಎಲ್ಲರ ದವಡೆ ಒಂದೇ ಲಯದಲ್ಲಿ ಆಡುತ್ತಿತ್ತು. ಕ್ಯೂಬಾದ ಯಾವುದೋ ಊರಿನಲ್ಲಿ ಯಾರೋ ಕತೆ ಕೇಳುತ್ತ ಅಷ್ಟು ಅಚ್ಚುಕಟ್ಟಾಗಿ ಸುತ್ತಿದ ಸಿಗಾರು ಕಾಗಾಲದ ದವಡೆಗಳಲ್ಲಿ ನುರಿಯುತ್ತಿತ್ತು. ನನಗೆ ಒಳಗಿಂದ ನಗು ಉಕ್ಕಿ ಬಂತು. ತಡೆದುಕೊಂಡೆ, ಏಕೆಂದರೆ ಇನ್ನೂ ತೀರ್ಪು ಬಂದಿರಲಿಲ್ಲ.

ಮಾವ ಎದ್ದು ಜಗಲಿಯ ಅಂಚಿಗೆ ಹೋಗಿ ಉಗುಳಿ ಬಂದ. ಗದ್ದ ಸ್ವಲ್ಪ ಮೇಲೆತ್ತಿ ಹೇಳಿದ: “ಸೊಪ್ಪು ಅಡ್ಡಿಲ್ಲ. ಕಾರ ಸಾಲ. ಆದ್ರೆ ಇಷ್ಟು ಬಿಗಿ ಸುತ್ತುದು ಎಂತಕ್ಕೆ? ಬಿಡ್ಸುಕೆ ಒಂದು ಆಳು ಬೇಕು.”

ಸಿಗಾರು ಸುತ್ತುವವರು ಆ ಬಿಗಿಯನ್ನು ಕಲಿಯಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ ಎಂದು ನಾನು ಹೇಳಲಿಲ್ಲ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅದು ಪೆಟ್ಟಿಗೆಯ ಮುಚ್ಚಳ ಹಾಕಿತು. ನನ್ನ ಕಡೆ ತಳ್ಳಲಿಲ್ಲ, ಆಯಿಯ ಕಡೆ ತಳ್ಳಲಿಲ್ಲ. ತನ್ನ ಬೆನ್ನ ಹಿಂದೆ, ಗೋಡೆಗೆ ಒತ್ತಿ, ಯಾರ ಕೈಗೂ ಎಟುಕದಂತೆ ಇಟ್ಟುಕೊಂಡಿತು. ಹಿರಿಯರಲ್ಲೊಬ್ಬರು ಇನ್ನೊಂದು ತುಂಡು ಕೇಳಿದಾಗ ಮಾವ, ನಿಂಗೆ ಸಾಕು, ಇದು ನಮ್ಮ ತಂಗಿ ತಂದದ್ದು ಎಂದ.

ಮಾವನ ಮೇಲೆ ನನಗೆ ಇದ್ದ ದೂರುಗಳೆಲ್ಲ ಆಗ ಒಂದು ಬಗೆಯಲ್ಲಿ ತಮಾಷೆಯಾಗಿ ಕಂಡವು. ಅಷ್ಟು ತಿಂಗಳು ನಾನು ಆ ಸಿಗಾರುಗಳಿಗೆ ಮಾಡಿದ್ದಾದರೂ ಏನು? ಮಾಡಿದ್ದು ಒಂದೇ ಕೆಲಸ, ಕುಂದು ಹುಡುಕುವುದು. ಇಷ್ಟವಿಲ್ಲದ ವಸ್ತುವನ್ನು ಯಾರೂ ಅಷ್ಟು ಹತ್ತಿರದಿಂದ ನೋಡುವುದಿಲ್ಲ. ಕೊಡೆಯನ್ನು ಅವನು ದೂರ ಹಿಡಿದು ನೋಡಿದ್ದ. ಆದರೂ ನೋಡಿದ್ದ. ಚೆನ್ನಾಗಿದೆ ಎಂದು ಒಂದು ಮಾತು ಹೇಳಿ ಅಟ್ಟಕ್ಕೆ ಎಸೆಯುವವರ ಮನೆಗಳನ್ನೂ ನಾನು ಕಂಡಿದ್ದೇನೆ. ಅಲ್ಲಿಂದ ಏನೂ ಹಿಂದಿರುಗಿ ಬರುವುದಿಲ್ಲ, ನಿಜ.

ನಾನು ಹೀಗೆ ಯೋಚಿಸುತ್ತ ಕುಳಿತಿದ್ದಾಗ ಮಾವ ಒಂದು ಎಲೆ ತೆಗೆದ. ತೊಡೆಗೆ ಒರೆಸಿ, ಬೆನ್ನಿಗೆ ಸುಣ್ಣ ಹಚ್ಚಿ, ಅಡಿಕೆ ಹಾಕಿ, ಸೊಪ್ಪು ಹಾಕದೆ ಮಡಚಿ ನನ್ನತ್ತ ಚಾಚಿದ. ಆ ಜಗಲಿಯಲ್ಲಿ ಹರಿವಾಣ ನನ್ನ ಮುಂದಿನಿಂದ ಎಷ್ಟೋ ಸಲ ದಾಟಿಹೋಗಿದೆ, ನಿಂತದ್ದಿಲ್ಲ. ತೆಗೆದುಕೊಂಡು ಬಾಯಿಗಿಟ್ಟೆ. ಅಗಿಯುತ್ತಿದ್ದಂತೆ ನಾಲಿಗೆಯ ಬದಿ ಸುರಸುರ ಸುಟ್ಟಿತು. ಹಿರಿಯರೆಲ್ಲ ನೋಡುತ್ತಿದ್ದರು. ಹೆಂಗದೆ, ಎಂದು ಮಾವ ಕೇಳಿದ.

ನಾನು ಅವಸರ ಮಾಡಲಿಲ್ಲ. ಕವಳವನ್ನು ಒಂದು ದವಡೆಗೆ ಸರಿಸಿ, ಗದ್ದ ಮೇಲೆತ್ತಿ, ಸ್ವಲ್ಪ ಹೊತ್ತು ಮಾಡನ್ನು ನೋಡಿ ಹೇಳಿದೆ: “ಎಲೆ ಅಡ್ಡಿಲ್ಲ ಮಾವ. ಸುಣ್ಣ ಹೆಚ್ಚಾತು.”

ಅವನು ಕೆಂಪು ಬಾಯಿ ತುಂಬ ನಕ್ಕ. ನಗುತ್ತಲೇ ಕಂಬದ ಕಡೆ ಸರಿದು, ಹಿರಿಯರ ಸಾಲಿನಲ್ಲಿ ನನಗೆ ಜಾಗ ಮಾಡಿಕೊಟ್ಟು, ಇನ್ನೊಂದು ಎಲೆಗೆ ಕಮ್ಮಿ ಸುಣ್ಣ ಹಚ್ಚತೊಡಗಿದ.